ದೇವರು ನೋಡ್ಕೋತಾನೆ

ಹುಳಿ ವಾಸನೆ, ಬರೀ ಹುಳಿಯೂ ಅಲ್ಲ, ಹುಳಿ ದಾಟಿ ಕೆಟ್ಟದ್ದು, ದೋಸೆ ಹಿಟ್ಟೇ ಇರಬೇಕು, ಹನ್ನೆರಡು ದಿನ ಕರೆಂಟಿಲ್ಲದ ಫ್ರಿಜ್ಜಿನೊಳಗೆ ಕೂತ ದೋಸೆ ಹಿಟ್ಟು — ಮುನಿಲಕ್ಷ್ಮಮ್ಮ ಸೆರಗನ್ನು ಮೂಗಿಗೆ ಒತ್ತಲು ಹೋಗಿ ಕೈ ಇಳಿಸಿದಳು, ಒಳಗೆ ಆ ಹೆಂಗಸೇ ಮೂಗು ಮುಚ್ಚದೆ ನಿಂತಿರುವಾಗ ಬಾಗಿಲಲ್ಲಿ ನಿಂತ ತಾನು ಮುಚ್ಚಿಕೊಳ್ಳುವುದು ಹೇಗೆ. ಕೆಂಪಕ್ಕ, ಈ ಮೇಲಿನ ಮನೆಗೆ ಬಾಡಿಗೆಗಿದ್ದ ವನಿತಾಳ ತಾಯಿ, ಮಾಗಡಿ ಕಡೆಯ ಹಳ್ಳಿ ಸ್ಕೂಲಿನಲ್ಲಿ ಬಿಸಿಯೂಟ ಮಾಡುವವಳು, ಸತ್ತ ಮಗಳ ಸಾಮಾನು ತಗೊಂಡು ಹೋಗಲು ಒಬ್ಬಳೇ ಬಂದಿದ್ದಾಳೆ, ಬೆಳಿಗ್ಗೆ ಹತ್ತಕ್ಕೆಲ್ಲ ಎರಡು ಖಾಲಿ ಗೋಣಿಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದಳು, ಅಳಲಿಲ್ಲ, ಬಯ್ಯಲಿಲ್ಲ, ಮನೆ ಯಾವ್ದು ಅಕ್ಕಾ ಅಂದಳು ಅಷ್ಟೇ. ಈಗ ಸ್ಟೀಲ್ ಡಬ್ಬಿ ಹೊರಗೆ ತೆಗೆದು ಮುಚ್ಚಳ ಎತ್ತಿ ನೋಡುತ್ತಾಳೆ, ಎಷ್ಟೊಂದು ರುಬ್ಬಿಟ್ಟವ್ಳೆ ನೋಡಕ್ಕ, ನಾಳೆಗೆ ಅಂತ. ನಾಳೆಗೆ ಅಂತ. ಮುನಿಲಕ್ಷ್ಮಮ್ಮನ ಕೈಯಲ್ಲಿ ಅವಳಿಗೆಂದು ತಂದ ಕಾಫಿ ಆರುತ್ತಿದೆ, ತಗೋ ಅನ್ನಲು ಬಾಯಿ ಬರುತ್ತಿಲ್ಲ, ಮಗ ಕೆಂಪರಾಜು ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹೇಳಿ ಹೋಗಿದ್ದಾನೆ, ಅಮ್ಮಾ, ಬೀಗದ ಕೈ ಕೊಟ್ಟು ಸುಮ್ನೆ ಬಂದ್ಬಿಡು, ಜಾಸ್ತಿ ಮಾತಾಡ್ಬೇಡ, ಪೊಲೀಸ್ನೋರಿಗೆ ಏನು ಹೇಳಿದ್ದೀವೋ ಅದೇ.

ಏನು ಹೇಳಿದ್ದು — ಹಬ್ಬ ಸಾರ್, ಮನೆ ತುಂಬ ಜನ, ಹಾಡು ಹಾಕಿದ್ವಿ, ನಮಗೇನೂ ಕೇಳಿಸ್ಲಿಲ್ಲ. ಕೆಂಪರಾಜು ಹೇಳಿದ, ಯಜಮಾನರು ಗಂಗಾಧರಯ್ಯನವರು ತಲೆ ಆಡಿಸಿದರು, ತಾನು ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಳು, ಇನ್ಸ್‌ಪೆಕ್ಟರು ತನ್ನ ಕಡೆ ತಿರುಗಿ ನಿಮಗೇನಮ್ಮ ಅಂದಾಗ ಇಲ್ಲ ಅಂದಳು, ಒಂದೇ ಮಾತು, ಇಲ್ಲ. ಕೆಡುಕು ಮಾಡುವವನು ಹೇಗಿರುತ್ತಾನೆ ಅಂದುಕೊಂಡಿದ್ದೆ ಇಷ್ಟು ವರ್ಷ, ಕೆಂಪು ಕಣ್ಣು, ಕುಡಿತ, ಬಾಯಿಗೆ ಬಂದ ಬೈಗುಳ, ವನಿತಾಳ ಗಂಡ ಈ ಶ್ರೀಕರ ಹಾಗಿರಲೇ ಇಲ್ಲ, ಔಷಧಿ ಕಂಪನಿ ಬ್ಯಾಗು, ಇಸ್ತ್ರಿ ಮಾಡಿದ ಶರ್ಟು, ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗಿ ಬಂದು ಬಾಗಿಲಲ್ಲಿ ಬಗ್ಗಿ ಆಂಟಿ ಪ್ರಸಾದ ತಗೊಳ್ಳಿ ಅನ್ನುತ್ತಿದ್ದ, ಎರಡೂ ಕೈಯಲ್ಲಿ ಕೊಡುತ್ತಿದ್ದ, ತಾನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಿಂದಿನ ಸಂಜೆ ಮೇಲಿನ ಮನೆಯಲ್ಲಿ ಏನು ನಡೆದಿತ್ತು ಅಂತ ಗೊತ್ತಿದ್ದೂ. ಮೊದಲ ಸಲ ಪಾತ್ರೆ ಬಿದ್ದ ಸದ್ದು, ಆಮೇಲೆ ಕುರ್ಚಿ ಎಳೆದದ್ದು, ಆಮೇಲೆ ಸಣ್ಣ ದನಿಯಲ್ಲಿ ಬೇಡಾ ರೀ, ಬೇಡಾ ರೀ, ಕೂಗಿದ್ದಲ್ಲ, ಯಾರಿಗೂ ಕೇಳಿಸದೆ ಇರಲಿ ಅಂತ ಬಾಯಿ ಬಿಗಿಹಿಡಿದು ಅಂದದ್ದು — ಗಂಡ ಹೆಂಡತಿ ಜಗಳ, ನಾವ್ಯಾಕೆ ನಡುವೆ ಹೋಗೋದು ಅಂದರು ಯಜಮಾನರು, ಟಿವಿ ಸೌಂಡು ಸ್ವಲ್ಪ ಜೋರು ಮಾಡಿದರು, ಹೌದು ಅಂದುಕೊಂಡಳು ತಾನೂ, ಈ ಬಿಳೇಕಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲ ಹೋಗಿ ಮೂರು ಅಂತಸ್ತು ಎದ್ದ ಮೇಲೆ ಎಷ್ಟು ಬಾಡಿಗೆಯವರು ಬಂದರು ಹೋದರು, ಎಲ್ಲರ ಮನೆ ಜಗಳಕ್ಕೂ ಎದ್ದು ಹೋಗಲಾಗುತ್ತದೆಯೇ.

ಆದರೆ ಆ ಹುಡುಗಿ ಬಂದಿತ್ತಲ್ಲ. ಹೋದ ಅವರೆಕಾಯಿ ಕಾಲದಲ್ಲಿ, ಮಧ್ಯಾಹ್ನ, ತಾನು ನೆನೆಸಿದ ಕಾಳು ಹಿತುಕುತ್ತಾ ನಡುಮನೆಯಲ್ಲಿ ಕೂತಿದ್ದಾಗ ಬಾಗಿಲ ಹತ್ತಿರ ನಿಂತು, ಆಂಟಿ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಲಾ ಅಂದಿತ್ತು. ಕೂತ್ಕೋಮ್ಮ. ಎದುರಿಗೆ ಕೂತು ಅದೂ ಹಿತುಕಿತು, ಕಾಳು ಪುಟಕ್ ಅಂತ ಸಿಪ್ಪೆ ಬಿಟ್ಟು ತಟ್ಟೆಗೆ ಬೀಳುತ್ತಿತ್ತು, ಎಷ್ಟು ಬೇಗ ಬೇಗ ಹಿತುಕುತ್ತಿತ್ತು, ಬಳೆ ಮೇಲಕ್ಕೆ ಸರಿದಾಗ ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಗುರುತು, ಹಸಿರು ತಿರುಗಿದ್ದು. ಏನಮ್ಮ ಕೈಗೆ. ಬಾಗಿಲಿಗೆ ಸಿಕ್ಕಾಕೊಂಡ್ತು ಆಂಟಿ. ಬಾಗಿಲಿಗೆ ಬೆರಳಿರುವುದಿಲ್ಲ ಅಂತ ಗೊತ್ತಿತ್ತು, ತನಗೆ ಗೊತ್ತಾಯಿತು ಅಂತ ಅದಕ್ಕೂ ಗೊತ್ತಾಯಿತು, ತಲೆ ಎತ್ತಿ ನೋಡಿತು, ಇನ್ನೇನು ಹೇಳಿಬಿಡುತ್ತದೆ ಅನ್ನಿಸಿತು, ಹೇಳಿಬಿಟ್ಟರೆ ತಾನು ಏನಾದರೂ ಮಾಡಬೇಕಾಗುತ್ತದೆ, ಆ ಹೆದರಿಕೆಗೆ, ಅದು ಬಾಯಿ ತೆರೆಯುವ ಮೊದಲೇ ತಾನೇ ಹೇಳಿದ್ದಳು, ದೇವರು ನೋಡ್ಕೋತಾನೆ ಬಿಡಮ್ಮ. ಹೂಂ ಆಂಟಿ ಅಂತು. ಮತ್ತೆ ತಲೆ ಬಗ್ಗಿಸಿ ಹಿತುಕಿತು. ಎಷ್ಟು ಸಲೀಸಾಗಿ ಬಂದ ಮಾತು ಅದು, ನೋಡ್ಕೋತಾನೆ, ನೋಡ್ಕೋತಾನೆ ಅಂದರೆ ಕಾಪಾಡುತ್ತಾನೆ ಅಂತ ತಾನೇ ಅರ್ಥ, ಆದರೆ ಅವನು ನೋಡಿದ, ಅಷ್ಟೇ, ನೋಡುತ್ತಾ ಕೂತ, ಮೇಲೆ ಅವನು ನೋಡಿದ, ಕೆಳಗೆ ನಾನು ಕೇಳಿಸಿಕೊಂಡೆ.

ಹಬ್ಬದ ಸಂಜೆ. ವರಮಹಾಲಕ್ಷ್ಮಿ. ಕಳಶಕ್ಕೆ ಸೀರೆ ಉಡಿಸಿ, ಮುಖವಾಡ ಇಟ್ಟು, ತಾವರೆ ಹೂ ಸಿಕ್ಕಿತ್ತು ಈ ಸಲ, ಎಲ್ಲರೂ ಎಷ್ಟು ಲಕ್ಷಣವಾಗಿದೆ ಅಂದರು, ಅಲಮೇಲು ಬಂದಿದ್ದಳು ಎದುರು ಮನೆಯಿಂದ, ತಾಂಬೂಲಕ್ಕೆ ಹತ್ತು ಹನ್ನೆರಡು ಜನ ಹೆಂಗಸರು, ಮೇಲಿನ ಹುಡುಗಿಯನ್ನೂ ಕರೆದಿದ್ದಳು, ಬರ್ತೀನಿ ಆಂಟಿ ಅಂದಿತ್ತು, ಬರಲಿಲ್ಲ. ಆರೂವರೆ. ದಡ್ ಅಂತ ಒಂದು ಸದ್ದು, ಸೂರು ಅದುರಿ ದೀಪದ ಬತ್ತಿ ಅಲ್ಲಾಡಿದಂತಾಯಿತು, ಆಮೇಲೆ ಕೂಗು, ಈ ಸಲ ಬಾಯಿ ಬಿಗಿಹಿಡಿದದ್ದಲ್ಲ, ಬಾಯಿ ತುಂಬ ಕೂಗಿದ್ದು. ಕುಂಕುಮ ಇಡುತ್ತಿದ್ದ ಕೈ ನಿಂತಿತು, ಅಲಮೇಲು ಸೂರಿನ ಕಡೆ ನೋಡಿದಳು, ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು, ಒಂದು ಗಳಿಗೆ, ಒಂದೇ ಗಳಿಗೆ, ಮನೆಯ ಯಜಮಾನಿ ಏನು ಮಾಡುತ್ತಾಳೆ ಅಂತ ಎಲ್ಲರೂ ತನ್ನನ್ನೇ ನೋಡಿದರು, ತಾನು ಮೊಮ್ಮಗಳ ಕಡೆ ತಿರುಗಿ, ಮಧು, ಹಾಡು ಸ್ವಲ್ಪ ಜೋರಾಗಿಡು ಅಂದಳು. ಮಹಾಲಕ್ಷ್ಮಿಯ ಆರತಿ ಹಾಡು, ಕೈಯಲ್ಲಿ ಗಂಟೆ. ಏಳಕ್ಕೆ ಶ್ರೀಕರ ಬಾಗಿಲಲ್ಲಿ, ಆಂಟಿ, ವನಿತಾ ಅಟ್ಟದಿಂದ ಪಾತ್ರೆ ತೆಗೆಯೋಕೆ ಹೋಗಿ ಸ್ಟೂಲಿಂದ ಬಿದ್ಲು, ಆಟೋ ಬೇಕಿತ್ತು — ಶರ್ಟಿನ ಗುಂಡಿ ಎಲ್ಲ ಸರಿಯಾಗಿ ಹಾಕಿದ್ದ. ಮಾರನೇ ದಿನ ಆಸ್ಪತ್ರೆಯಲ್ಲಿ ಜೀವ ಹೋಯಿತು. ಪೊಲೀಸರು ಅವನನ್ನು ಕರೆದು ಕೇಳಿ ಬಿಟ್ಟುಕಳಿಸಿದರು, ತಲಘಟ್ಟಪುರದಲ್ಲಿ ಅಣ್ಣನ ಮನೆಯಲ್ಲಿದ್ದಾನಂತೆ, ಬಿದ್ದದ್ದೋ ಬೀಳಿಸಿದ್ದೋ ಯಾರಾದರೂ ಕೇಳಿಸಿಕೊಂಡಿದ್ದರೆ ಬೇರೆ ಮಾತು ಅಂದರಂತೆ ಸ್ಟೇಷನ್ನಿನಲ್ಲಿ.

ಅವಳ ಕರ್ಮ, ಹಿಂದಿನ ಜನ್ಮದ್ದು ಅನುಭವಿಸಿದಳು, ನಾವೇನು ಮಾಡೋಕಾಗುತ್ತೆ — ಯಜಮಾನರು, ಊಟದ ತಟ್ಟೆ ಮುಂದೆ. ಹಿಂದಿನ ಜನ್ಮದಲ್ಲಿ ಏನು ಮಾಡಿರಬಹುದು ಆ ಮಗು, ಎಷ್ಟು ದೊಡ್ಡದು ಮಾಡಿದ್ದರೆ ಇಷ್ಟು, ಮಾಡಿದ್ದು ನೆನಪೇ ಇಲ್ಲದವಳಿಗೆ ಶಿಕ್ಷೆ ಕೊಡುವುದು ಯಾವ ನ್ಯಾಯ, ಅಂದುಕೊಳ್ಳುತ್ತಾ ಸಾರು ಬಡಿಸಿದಳು. ಮಧುಶ್ರೀ ಮಾತ್ರ ಅನ್ನ ಕಲಸುತ್ತಾ, ಪಿಯುಸಿ ಹುಡುಗಿ, ಯಾವುದನ್ನೂ ಬಿಡುವವಳಲ್ಲ, ಅಜ್ಜಿ, ದೇವರಿಗೆ ಗೊತ್ತಿರ್ಲಿಲ್ಲ ಅಂದ್ರೆ ಅವನೇನು ದೇವರು, ಗೊತ್ತಿದ್ದೂ ತಡೆಯೋಕಾಗ್ಲಿಲ್ಲ ಅಂದ್ರೂ ಅಷ್ಟೇ, ಇನ್ನು ಗೊತ್ತಿತ್ತು, ತಡೆಯೋಕೂ ಆಗ್ತಿತ್ತು, ಆದ್ರೂ ಸುಮ್ನಿದ್ದ ಅಂದ್ರೆ — ಅಲ್ಲಿಗೆ ನಿಲ್ಲಿಸಿಬಿಟ್ಟಳು, ಅಜ್ಜಿಯ ಮುಖ ನೋಡಿ ನಿಲ್ಲಿಸಿದಳು, ಹಾಡು ಜೋರು ಮಾಡಿದ್ದು ಅವಳ ಕೈಯೇ ಅಲ್ಲವೇ, ತಟ್ಟೆ ಬಿಟ್ಟು ಎದ್ದು ಹೋದಳು. ಇಲ್ಲ ಅನ್ನಲಾಗುತ್ತದೆಯೇ ಮಾರಮ್ಮನನ್ನು, ಕೆಂಪರಾಜು ಮೂರು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡಾಗ ಮಗುವನ್ನು ಹೊತ್ತುಕೊಂಡು ಓಡಿದ್ದು ಅವಳ ಗುಡಿಗೇ, ಆಗ ಹೊಲದ ಬದುವಿನಲ್ಲಿದ್ದಳು ತಾಯಿ, ಈಗ ಮೊಬೈಲ್ ಅಂಗಡಿಗೂ ಪೀಜಿಗೂ ಮಧ್ಯೆ, ಅವಳ ಕಲ್ಲಿನ ಮುಂದೆ ಮಗುವನ್ನು ಮಲಗಿಸಿ ಬಾ ತಾಯಿ ಅಂತ ಕಿರುಚಿದಳು, ಬಂದಳು ತಾಯಿ, ಬಂದಳು ಅಂತಲೇ ಮೂವತ್ತೈದು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ — ಬಂದದ್ದು ಕಾಲೋನಿಯ ಪಾಪಯ್ಯ. ಮಟಮಟ ಮಧ್ಯಾಹ್ನ, ಸೈಕಲ್ಲಿನ ಹಿಂದೆ ತನ್ನನ್ನೂ ಮಗುವನ್ನೂ ಕೂರಿಸಿಕೊಂಡು ಜಯನಗರದ ಆಸ್ಪತ್ರೆವರೆಗೆ ತುಳಿದವನು, ಬೆನ್ನಿಗೆ ಅಂಗಿ ಅಂಟಿಹೋಗಿತ್ತು. ಮಾರಮ್ಮನೇ ನಿನ್ನ ಕಳಿಸಿದ್ಲು ಪಾಪಯ್ಯ ಅಂದರೆ ನಕ್ಕಿದ್ದ, ಅವನ ಮನೆಯಲ್ಲಿ ಬುದ್ಧನ ಪಟ, ನಾನು ದೇವ್ರನ್ನ ನಂಬೋನಲ್ಲ ತಾಯಿ, ಸೈಕಲ್ ಇತ್ತು, ತುಳ್ದೆ. ಸೈಕಲ್ ಇತ್ತು, ತುಳ್ದೆ. ಹಾಗಾದರೆ ತಾಯಿ ಬಂದಳೋ ಇಲ್ಲವೋ, ಬಂದಳು, ಅವನ ಕಾಲಿನಲ್ಲಿ ಬಂದಳು, ಏನಂದರೂ ಅವನು ಒಪ್ಪಲ್ಲ, ತಾನು ಮಾತ್ರ ಹಾಗೆಯೇ ಅನ್ನುವುದು, ಅವಳಿಗೆ ಬೇರೆ ಕಾಲಿಲ್ಲವೇನೋ, ಕಲ್ಲಿಗೆ ಕಾಲೆಲ್ಲಿಂದ, ಯಾರಾದರೂ ಕೊಡಬೇಕು — ಹಬ್ಬದ ಆ ಸಂಜೆ ತಾಯಿ ಕೇಳಿದ್ದು ನನ್ನ ಕಾಲನ್ನೇ ಆಗಿದ್ದರೆ.

ಕೆಂಪಕ್ಕ ಹಿಟ್ಟನ್ನು ಸಿಂಕಿಗೆ ಸುರಿದು ನೀರು ಬಿಟ್ಟಳು, ಡಬ್ಬಿ ತೊಳೆದಳು, ಎರಡು ಸಲ ತೊಳೆದಳು, ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದಳು, ಸೀರೆಗಳು, ಒಂದು ಸ್ವೆಟರು, ಆಮೇಲೆ ಅಟ್ಟದ ಕೆಳಗೆ ನಿಂತು ಮೇಲೆ ನೋಡಿದಳು. ಅಟ್ಟದಲ್ಲಿ ಒಂದು ಹಳೇ ಸೂಟ್‌ಕೇಸು ಬಿಟ್ಟರೆ ಏನೂ ಇಲ್ಲ. ಪಾತ್ರೆ ತೆಗ್ಯಕ್ಕೆ ಹತ್ತಿದ್ಲಂತೆ, ಯಾವ ಪಾತ್ರೆ ಅಕ್ಕ, ಇಲ್ಲಿ ಪಾತ್ರೇನೇ ಇಲ್ವಲ್ಲ. ತನ್ನನ್ನೇ ಕೇಳುತ್ತಿದ್ದಾಳೆ, ಕಣ್ಣಲ್ಲಿ ಸಿಟ್ಟಿಲ್ಲ, ಲೆಕ್ಕ ತಪ್ಪಿದ ಮಗುವಿನ ಮುಖ, ನೀವು ಕೆಳಗೇ ಇದ್ರಲ್ಲ ಅಕ್ಕ, ಏನೂ ಕೇಳಿಸ್ಲಿಲ್ವಂತೆ. ಇಲ್ಲ ಅನ್ನಬೇಕು, ಕೆಂಪರಾಜು ಹೇಳಿದ್ದಾನೆ, ಇನ್ನೊಂದು ಸಲ ಇಲ್ಲ ಅಂದರೆ ಮುಗಿಯಿತು, ಇವಳು ಚೀಲ ಹೊತ್ತು ಬಸ್ಸು ಹತ್ತುತ್ತಾಳೆ, ದೇವರು ನೋಡ್ಕೋತಾನೆ — ಕಾಫಿ ಲೋಟ ಕಿಟಕಿ ಕಟ್ಟೆಯ ಮೇಲಿಟ್ಟಳು. ಕೇಳಿಸ್ತು ಕೆಂಪಕ್ಕ. ತನ್ನದೇ ದನಿ, ಬೇರೆ ಯಾರದೋ ಅನ್ನಿಸಿತು. ಅವತ್ತೂ ಕೇಳಿಸ್ತು, ಅದಕ್ಕೂ ಮುಂಚೆ ಎಷ್ಟೋ ಸಲ ಕೇಳಿಸ್ತು, ನಾನು ಹಾಡು ಜೋರು ಮಾಡಿಸ್ದೆ. ಹೊಡೆಯುತ್ತಾಳೆ ಅಂದುಕೊಂಡಳು, ಹೊಡೆಯಲಿ ಅಂದುಕೊಂಡಳು, ಕೆಂಪಕ್ಕ ಹತ್ತಿರ ಬಂದು, ಮೆಲ್ಲಗೆ, ಏನಂತ ಕೂಗಿದ್ಲು.

ಇದನ್ನು ಯಾರೂ ಕೇಳಿರಲಿಲ್ಲ, ಪೊಲೀಸರು ಕೇಳಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ. ಅಮ್ಮಾ ಅಂತ. ಅಮ್ಮಾ ಅಂತ ಕೂಗಿದ್ಲು ಕೆಂಪಕ್ಕ. ಕೆಂಪಕ್ಕ ಗೋಡೆಗೆ ಒರಗಿ ಕೂತಳು, ನಾನು ಆವಾಗ ಅಂಬ್ಲಿ ಕಾಯಿಸ್ತಿದ್ದೆ ಅಂದಳು, ಅಷ್ಟೇ ಅಂದಳು. ಯಾವ ಅಮ್ಮನನ್ನು ಕರೆಯಿತು, ಮಾಗಡಿಯ ಈ ಅಮ್ಮನನ್ನೋ, ಅರವತ್ತು ಕಿಲೋಮೀಟರು ಆಚೆ ಇರುವವಳಿಗೆ ಹೇಗೆ ಕೇಳಬೇಕು, ಕಳಶದಲ್ಲಿ ತಾವರೆ ಮುಡಿದು ಕೂತಿದ್ದ ಅಮ್ಮನನ್ನೋ, ಗುಡಿಯ ಅಮ್ಮನನ್ನೋ, ಇಲ್ಲಾ ಕೆಳಗಿನ ಮನೆಯ, ಕಾಳು ಹಿತುಕಿದ, ಮಣಿಕಟ್ಟು ನೋಡಿದ — ಮುನಿಲಕ್ಷ್ಮಮ್ಮನೂ ಅವಳ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಎದ್ದು, ಹೋಗೋಣ ಅಂದಳು, ಸ್ಟೇಷನ್ನಿಗೆ.

ಗೇಟಿನ ಹತ್ತಿರ ಯಜಮಾನರು ಪೇಪರಿನಿಂದ ತಲೆ ಎತ್ತಿ ಎಲ್ಲಿಗೆ ಅಂದರು, ಹೇಳಿದಳು, ಮನೆತನದ ಮರ್ಯಾದೆ ಅಂತ ಏನೋ ಶುರು ಮಾಡಿದರು, ಆಟೋ ಬಂದಿತ್ತು. ಗುಡಿ ದಾಟುವಾಗ ಕೈ ತಾನಾಗಿ ಮುಗಿಯಿತು, ಏನೂ ಕೇಳಿಕೊಳ್ಳಲಿಲ್ಲ, ಕ್ಷಮಿಸು ಅಂತಲೂ ಅನ್ನಲಿಲ್ಲ, ಕೆಂಪಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ಸ್ಟೇಷನ್ನಿನಲ್ಲಿ ರೈಟರ್ ಭೀಮೇಶ್, ಮಗನ ವಯಸ್ಸಿನವನು, ಮೊದಲು ಕೇಳಿಸ್ಲಿಲ್ಲ ಅಂದಿದ್ರಲ್ಲಮ್ಮ. ಸುಳ್ಳು ಹೇಳ್ದೆ ಸಾರ್. ಅವನು ಬಯ್ಯಲಿಲ್ಲ, ಹೊಸ ಹಾಳೆ ತೆಗೆದ, ಶ್ರೀಕರನನ್ನು ಮತ್ತೆ ಕರೆಸುತ್ತೀವಿ, ಕೋರ್ಟಿಗೂ ಬಂದು ಹೇಳಬೇಕಾಗುತ್ತೆ ಅಂದ, ಬರ್ತೀನಿ ಅಂದಳು, ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಕೆಂಪರಾಜುವೇ ಇರಬೇಕು, ಹೊಡೆದುಕೊಳ್ಳಲಿ, ಎಲ್ಲ ಹೇಳಿದಳು, ಪಾತ್ರೆ, ಕುರ್ಚಿ, ಆರೂವರೆ, ಕೂಗು, ಅವನು ಬರೆಯುತ್ತಾ ಹೋದ, ಬರೆಯುತ್ತಲೇ ತಲೆ ಎತ್ತದೆ ಕೇಳಿದ, ನಿಮ್ಮ ಬಾಗಿಲಿಂದ ಅವರ ಬಾಗಿಲಿಗೆ ಎಷ್ಟು ಮೆಟ್ಟಿಲಮ್ಮ. ಬಾಯಿ ತೆರೆದಳು. ಇಪ್ಪತ್ತು. ದಿನಾ ಗುಡಿಸುವ ಮೆಟ್ಟಿಲು, ಹಬ್ಬ ಅಂತ ಅವತ್ತು ಬೆಳಿಗ್ಗೆ ತಾನೇ ತೊಳೆದಿದ್ದಳು, ಅಂಚಿಗೆಲ್ಲ ಮಧುಶ್ರೀ ಕೆಮ್ಮಣ್ಣು ಬಳಿದಿದ್ದಳು, ಆರೂವರೆಗೆ ದೀಪದ ಬೆಳಕು ಬಾಗಿಲು ದಾಟಿ ಮೊದಲ ಮೂರರ ಮೇಲೆ ಬಿದ್ದಿತ್ತು — ಇಪ್ಪತ್ತಾ ಅಮ್ಮ, ಅಂದ ಅವನು — ಇಪ್ಪತ್ತು, ಮೊದಲ ಮೂರರ ಮೇಲೆ ಬೆಳಕು, ಮೇಲಿನ ಹದಿನೇಳು ಕತ್ತಲು, ಇಪ್ಪತ್ತು ಮೆಟ್ಟಿಲು, ಯಾರೂ ಹತ್ತದ ಇಪ್ಪತ್ತು ಮೆಟ್ಟಿಲು.