ಅಲ್ಲಾಡದ ಅಕ್ಕ

ಕನ್ನಡಿಯಲ್ಲಿ ಅಕ್ಕ ಎಡಗಡೆಗೆ ತಿರುಗಿ ಕೂತಿದ್ದಾಳೆ, ಚಿತ್ರದಲ್ಲಿ ಬಲಗಡೆಗೆ — ಚಿತ್ರ ನಿಲ್ಲಿಸಿದ ಈಸೆಲ್‌ಗೆ ಬೆನ್ನು ಹಾಕಿ ಹೀಗೆ ಕೈಗನ್ನಡಿಯಲ್ಲಿ ನೋಡಿದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ ಅಂತ ಹೇಳಿಕೊಟ್ಟವರು ಗಡ್ಡದ ಮೇಷ್ಟ್ರು, ಚಿತ್ರ ಬರೆದ ಇವಳ ಕಣ್ಣಿಗೋ ಏನೂ ಬೀಳುತ್ತಿಲ್ಲ, ಮೂಗು ಸರಿ, ಕತ್ತು ಸರಿ, ನಿನ್ನೆ ಮತ್ತೆ ತಿದ್ದಿದ ಮುಚ್ಚಿದ ತುಟಿಯಂತೂ ಎಷ್ಟು ನಯ, ಆದರೂ ಇದು ಅಕ್ಕ ಅಲ್ಲ, ಯಾರೋ ಬಸ್ಸಿಗೆ ಕಾಯುತ್ತಿರುವ ಹೆಂಗಸು, ಇನ್ನೇನು ಪರೀಕ್ಷಕರು ಬಂದುಬಿಡುತ್ತಾರೆ, ಪಕ್ಕದ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು, ಚಿತ್ರಕಲಾ ಶಾಲೆಯ ಕೊನೆಯ ವರ್ಷದ ಹಣೆಬರಹವೆಲ್ಲ ಈ ಒಂದು ಕ್ಯಾನ್ವಾಸಿನ ಮೇಲೆ, ಮತ್ತೆ ಈ ಟರ್ಪೆಂಟೈನಿನ ವಾಸನೆ — ಮನೆಯಲ್ಲಿ ಬರೆಯುವಾಗ ಇದಕ್ಕೇ ಮೂಗು ಹಿಡಿದುಕೊಂಡು ನಗುತ್ತಿದ್ದಳು ಅಕ್ಕ, ಅಡುಗೆಮನೆಯ ಕಿಟಕಿಯ ಹತ್ತಿರ, ಸ್ಟೂಲಿನ ಮೇಲೆ, ಬಿಸಿಲು ಒಂದೇ ಕೆನ್ನೆಗೆ, ಲೇ ನನ್ನ ಮೂಗು ಇಷ್ಟು ದಪ್ಪ ಇದೆಯೇನೇ, ಅಲ್ಲಾಡಬೇಡ ಅಕ್ಕಾ, ಉಸಿರಾದ್ರೂ ಆಡಬಹುದಾ ತಾಯಿ, ಸ್ವಲ್ಪ ಮಾತ್ರ — ಎಂಥ ಮಧ್ಯಾಹ್ನಗಳು ಅವು, ಹಸಿವೆ ನೆನಪಾಗುತ್ತಿರಲಿಲ್ಲ, ಕುಂಚ ಇವಳ ಮಾತು ಕೇಳುತ್ತಿತ್ತು, ಅಕ್ಕ ಒಬ್ಬಳೇ ಕೇಳುತ್ತಿರಲಿಲ್ಲ, ನಿಂಗೊಂದು ವಿಷಯ ಹೇಳ್ಬೇಕು ಕಣೇ, ಆಮೇಲೆ ಹೇಳು, ಬಾಯಿ ಮುಚ್ಚು, ತುಟಿ ಬರೀತಿದೀನಿ, ಮುಚ್ಚಿದಳು, ಪಾಪ, ಆ ಆಮೇಲೆ ಅನ್ನುವುದು ಬರಲೇ ಇಲ್ಲ, ಅಕ್ಕನಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದು ಅಮ್ಮನ ಬಾಯಿಂದ ಗೊತ್ತಾಯಿತು, ನಾಡಿದ್ದು ಹೊರಡ್ತಾಳಲ್ಲೇ, ನಿಂಗೆ ಹೇಳ್ಲಿಲ್ವಾ, ಮನೆಮಂದಿಗೆಲ್ಲ ಗೊತ್ತು, ಎದುರಿಗೇ ಕೂರಿಸಿಕೊಂಡು ದಿನವಿಡೀ ನೋಡುತ್ತಿದ್ದವಳಿಗೆ ಮಾತ್ರ ಗೊತ್ತಿಲ್ಲ, ಈಗ ಫೋನಿನಲ್ಲಿ ಚೆನ್ನಾಗಿದೀಯಾ, ಚೆನ್ನಾಗಿದೀನಿ, ಅಷ್ಟೇ.

ಕನ್ನಡಿ ಕೆಳಗಿಟ್ಟಳು, ಕೈಗೆ ಬಣ್ಣ ಕೆರೆಯುವ ನೈಫ್ ಬಂದಿದೆ, ಯಾವಾಗ ಎತ್ತಿಕೊಂಡಳೋ, ತುಟಿಯ ಹಸಿಬಣ್ಣ ಬೆಣ್ಣೆಯ ಹಾಗೆ ಎದ್ದು ಬರುತ್ತಿದೆ, ಹುಚ್ಚು ಹಿಡಿದಿದೆಯಾ ನಿಂಗೆ, ಪಕ್ಕದ ಈಸೆಲಿನ ಗೆಳತಿ ಕಿರುಚುತ್ತಾಳೆ, ಬಾಗಿಲಲ್ಲೇ ಇದಾರೆ ಕಣೇ ಅವರು — ಇರಲಿ — ಇನ್ನಷ್ಟು ಕೆರೆದು ಬಟ್ಟೆಯಲ್ಲಿ ಒರೆಸಿದರೆ, ಅರೆ, ಅಡಿಯಲ್ಲಿ ಕಂದು ಗೆರೆ, ಮೊದಲ ದಿನ ಸರಕ್ಕನೆ ಎಳೆದದ್ದು, ಇಲ್ಲಿಗೇ ಬಿಟ್ಟುಬಿಡು ಮಾರಾಯ್ತಿ ಅಂದಿದ್ದರು ಮೇಷ್ಟ್ರು, ಬಿಟ್ಟಳೇ ಇವಳು, ಒಣಗಿ ಗಟ್ಟಿಯಾಗಿ ಹಾಗೇ ಕೂತಿದೆ, ಬಾಯಿ ತೆರೆದ ಅಕ್ಕ, ಅದೇ ಆ ಮಾತಿಗೇ ತೆರೆದದ್ದು, ನಿಂಗೊಂದು ವಿಷಯ, ಹಿಂದೆ ಬೂಟುಗಳ ಸದ್ದು, ಏನಮ್ಮಾ ಇದು, ಚಿತ್ರ ಮುಗಿದೇ ಇಲ್ವಲ್ಲ, ಸ್ವಲ್ಪ ಸುಮ್ನಿರಿ ಸರ್, ತಿರುಗದೆಯೇ ಅಂದುಬಿಟ್ಟಳು, ಅಕ್ಕ ಏನೋ ಹೇಳ್ತಿದಾಳೆ, ಹೇಳು ಅಕ್ಕಾ, ಕಂದು ಗೆರೆಯ ಬಾಯಿ, ತೆರೆದ ಬಾಯಿ, ಹೇಳು, ತೆರೆದೇ ಇರುವ ಬಾಯಿ —