ಗೆರೆ ಎಳೆದ ಪುಟ

ಬಾಗಿಲ ಬಳಿ ಅಂಟಿಸಿದ್ದ ಸರದಿಯ ಪಟ್ಟಿಯನ್ನು ಸೊಲಾಂಜ್ ಮೂರನೆಯ ಸಲ ಓದಿದಳು. ಬೆಲ್ಜಿಯಮ್ಮಿನ ಮುದುಕ ಪ್ರತಿನಿಧಿ ವಾನ್‌ಲೂ ಅವರ ಭಾಷಣದ ಮೊದಲ ಹತ್ತು ನಿಮಿಷ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಸರದಿ ಅವಳದು. ಮುಂದಿನ ಹತ್ತು ಜೊತೆಯ ಗೆರ್ಡಾಳದು.

ಯಾವ ಭಾಷಣದಲ್ಲೂ ತಿರುಳು ಬರುವುದು ಎರಡನೆಯ ಹತ್ತು ನಿಮಿಷದಲ್ಲಿ. ಅದಕ್ಕೆ ಮುಂಚಿನದೆಲ್ಲ ಅಧ್ಯಕ್ಷರಿಗೆ ವಂದನೆ, ಜಿನೀವಾದ ಸರೋವರಕ್ಕೆ ಹೊಗಳಿಕೆ.

"ಅದನ್ನೇನೇ ಹಾಗೆ ನುಂಗೋ ಹಾಗೆ ನೋಡ್ತೀಯ?" ಟೈಪ್ ಯಂತ್ರದ ಹಿಂದಿನಿಂದ ಬ್ಲಾಂಷ್ ಕೇಳಿದಳು. "ನೋಡಿದ್ರೆ ಬದಲಾಗತ್ತಾ?"

"ಪಟ್ಟಿ ಮಾಡಿದ್ದು ಯಾರು?"

"ಇನ್ಯಾರು, ಶಾಪ್ವಿ ಸಾಹೇಬ್ರು. ಗೆರ್ಡಾ ಕೈ ನಡುಗಲ್ವಂತೆ." ಬ್ಲಾಂಷ್ ಯಂತ್ರಕ್ಕೆ ಹಾಳೆ ಸಿಕ್ಕಿಸುತ್ತಾ ಸೇರಿಸಿದಳು, "ನಿನ್ನ ಕೈ ನಡುಗತ್ತೆ ಅಂತ ಅವರೇನೂ ಅನ್ನಲಿಲ್ಲಪ್ಪ."

ಅದು ಸಾವಿರದ ಒಂಬೈನೂರ ಮೂವತ್ತನೆಯ ಇಸವಿ. ಯೂರೋಪಿನ ದೇಶಗಳನ್ನೆಲ್ಲ ಒಂದು ಒಕ್ಕೂಟವಾಗಿ ಕಟ್ಟಬೇಕೆಂಬ ಮಾತು ಒಂದು ವರ್ಷದಿಂದ ಊರಲ್ಲಿ ಓಡಾಡುತ್ತಿತ್ತು. ಮೊದಲು ಸುಂಕದ ಕಟ್ಟೆಗಳಾದರೂ ಇಳಿಯಲಿ ಎಂದು ಈ ಸಮಿತಿ ಸೇರಿತ್ತು. ವಾನ್‌ಲೂ ಇಬ್ಬರು ಗಂಡುಮಕ್ಕಳನ್ನು ಮಹಾಯುದ್ಧದಲ್ಲಿ ಕಳೆದುಕೊಂಡವರು. ಇವತ್ತು ಅವರು ಆಡುವ ಮಾತು ಉಳಿಯುವಂಥದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಅದನ್ನು ಕಾಗದಕ್ಕಿಳಿಸುವ ಕೈ ತನ್ನದೇ ಆಗಬೇಕು. ಸೊಲಾಂಜ್‌ಗೆ ಬೇಕಿದ್ದದ್ದು ಅಷ್ಟೇ. ಬರೆದವರ ಹೆಸರಿನ ಮೊದಲಕ್ಷರಗಳು ಪುಟದ ಕೆಳಗೆ ಬೀಳುತ್ತವೆ. ಒಂದೇ ಪುಟದಲ್ಲಿ ಕೈ ಬದಲಾದರೆ ಅಲ್ಲಿ ಅಡ್ಡಗೆರೆ ಎಳೆದು ಆಯಾ ಭಾಗಕ್ಕೆ ಆಯಾ ಅಕ್ಷರ.

ಅವಳ ಅಣ್ಣ ಎಮೀಲ್ ಹದಿನಾರನೆಯ ಇಸವಿಯಲ್ಲಿ, ಜರ್ಮನರ ಎದುರು ವರ್ದೂನ್ ಕಾಳಗದಲ್ಲಿ ಹೋದ. ದೇಹ ಸಿಗಲಿಲ್ಲ. ಗೆರ್ಡಾಳ ಅಣ್ಣ ಜರ್ಮನಿಯ ಕಲೋನ್ ಊರಿನಿಂದ ಪ್ರತಿ ಮಂಗಳವಾರ ಕಾಗದ ಹಾಕುತ್ತಿದ್ದ. ಚಳಿಗಾಲಕ್ಕೆ ಮುಂಚೆ ಪ್ಲಮ್ ಹಣ್ಣಿನ ಜಾಮ್ ಕಳಿಸುತ್ತಿದ್ದ. ಗೆರ್ಡಾ ಶೀಶೆಯನ್ನು ಎಲ್ಲರ ಮೇಜಿಗೂ ಒಯ್ಯುತ್ತಿದ್ದಳು. ನಾಲ್ಕು ವರ್ಷಗಳಲ್ಲಿ ಸೊಲಾಂಜ್ ಒಮ್ಮೆಯೂ ರುಚಿ ನೋಡಿರಲಿಲ್ಲ. ಜರ್ಮನಿಯವಳೆಂದಲ್ಲ. ಆ ಶೀಶೆಯ ಮೇಲಿನ ಚೀಟಿಯಲ್ಲಿ ಒಬ್ಬ ಅಣ್ಣನ ಕೈಬರಹ ಇರುತ್ತಿತ್ತು.

ಭಾಷಣ ಶುರುವಾಯಿತು. ವಂದನೆ, ಸರೋವರ, ವಂದನೆ. ಒಂಬತ್ತನೆಯ ನಿಮಿಷಕ್ಕೆ ಗೆರ್ಡಾ ಸದ್ದಿಲ್ಲದೆ ಬಂದು ಎಡಗಡೆ ಕೂತಳು. ಒಂದಿಷ್ಟು ಹೊತ್ತು ಇಬ್ಬರೂ ಒಟ್ಟಿಗೆ ಬರೆಯಬೇಕು. ಮಾತಿನ ಎಳೆ ಸಿಕ್ಕಿದ ಮೇಲೆ ಬಂದವಳು ಮೊಣಕೈ ಮುಟ್ಟುತ್ತಾಳೆ, ಇದ್ದವಳು ಏಳುತ್ತಾಳೆ. ಅದು ಅಲ್ಲಿನ ಪದ್ಧತಿ.

ಗೆರ್ಡಾ ಮೊಣಕೈ ಮುಟ್ಟಿದಳು.

ಸೊಲಾಂಜ್ ಏಳಲಿಲ್ಲ.

ಇನ್ನೊಮ್ಮೆ ಮುಟ್ಟಿದಳು. ಸೊಲಾಂಜ್ ತನ್ನ ಪುಟ ತಿರುವಿ ಬರೆಯುತ್ತಲೇ ಹೋದಳು. ಗೋಡೆಯ ಹತ್ತಿರ ನಿಂತಿದ್ದ ಶಾಪ್ವಿಯ ಹುಬ್ಬು ಮೇಲೇರಿತು. ಗೆರ್ಡಾ ಮತ್ತೆ ಮುಟ್ಟಲಿಲ್ಲ. ತಲೆ ಬಗ್ಗಿಸಿ ತಾನೂ ಬರೆಯತೊಡಗಿದಳು.

ವಾನ್‌ಲೂ ಕನ್ನಡಕ ತೆಗೆದು ಕೈಯಲ್ಲಿದ್ದ ಕಾಗದವನ್ನು ಮಡಚಿಟ್ಟರು. ಬಂತು, ಎಂದುಕೊಂಡಳು ಸೊಲಾಂಜ್. ಮಾತು ಬಂತು. ಅವಳು ಅದನ್ನು ಕೇಳಿದಳು. ಪೂರ್ತಿ, ಕೊನೆಯವರೆಗೂ ಕೇಳಿದಳು. ಸಭೆ ಚಪ್ಪಾಳೆ ತಟ್ಟಿದಾಗ ನೋಡಿದರೆ ಅವಳ ಪೆನ್ಸಿಲ್ ಕಾಗದದ ಮೇಲೆ ಒಂದೇ ಕಡೆ ಊರಿಕೊಂಡಿತ್ತು. ಕೇಳಬಾರದು, ಬರೆಯಬೇಕು. ಶೀಘ್ರಲಿಪಿಯ ಮೊದಲ ಪಾಠವೇ ಅದು.

ಟೈಪ್ ಕೋಣೆಯಲ್ಲಿ ಅವಳು ತಾನು ಬರೆದದ್ದನ್ನು ಓದಿ ಹೇಳುತ್ತಾ ಆ ಜಾಗಕ್ಕೆ ಬಂದು ನಿಂತಳು. ಅರ್ಥ ನೆನಪಿತ್ತು, ಮಾತುಗಳು ಇರಲಿಲ್ಲ.

"ಮುಂದೆ?" ಎಂದಳು ಬ್ಲಾಂಷ್. "ಹೇಳೇ, ಬೆರಳು ತಣ್ಣಗಾಗ್ತಿದೆ."

ಪಕ್ಕದಲ್ಲೇ ನಿಂತಿದ್ದ ಗೆರ್ಡಾಳ ಟಿಪ್ಪಣಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಸೊಲಾಂಜ್ ಬಗ್ಗಿ ನೋಡಿದಳು. ಜರ್ಮನ್ ಶೀಘ್ರಲಿಪಿ ಪದ್ಧತಿಯ ಕೊಕ್ಕೆಗಳು. ಫ್ರೆಂಚ್ ಮಾತೇ ಆದರೂ ಒಂದಕ್ಷರ ತಿಳಿಯಲಿಲ್ಲ.

ಗೆರ್ಡಾ ಪುಸ್ತಕ ಎತ್ತಿಕೊಂಡು ನಿಧಾನವಾಗಿ ಓದಿದಳು: "ಇಂದು ಒಂದು ಬಂಡಿ ಕಲ್ಲಿದ್ದಲು ನನ್ನ ಮನೆಗೆ ಬರಬೇಕಾದರೆ ಮೂರು ಗಡಿಗಳಲ್ಲಿ ನಿಂತು ಸುಂಕ ಕಟ್ಟಬೇಕು. ನನ್ನ ಮಕ್ಕಳನ್ನು ತುಂಬಿಕೊಂಡ ಬಂಡಿ ಹೊರಟಾಗ ಮಾತ್ರ ಯಾರೂ ತಡೆದು ಕೇಳಲಿಲ್ಲ."

ಬ್ಲಾಂಷ್ ಬಡಿದು ಮುಗಿಸಿದಳು.

"ಕೆಳಗೆ ಯಾರ ಅಕ್ಷರ ಹಾಕ್ಲಿ?"

"ಅವರದ್ದೇ ಹಾಕಿ," ಎಂದಳು ಗೆರ್ಡಾ. "ಕೂತಿದ್ದು ಅವರು. ನಂದು ಎರಡು ಸಾಲು, ಅಷ್ಟಕ್ಕೇನು."

ಸೊಲಾಂಜ್ ಅವಳ ಮುಖ ನೋಡಿದಳು. ಅಲ್ಲಿ ಗೆದ್ದ ಗುರುತು ಹುಡುಕಿದಳು. ಇರಲಿಲ್ಲ. ಅದನ್ನೇ ಸಹಿಸಲಾಗಲಿಲ್ಲ. ಜಾಮ್ ಶೀಶೆ ಹಿಡಿದು ಬರುವಾಗಲೂ ಇದೇ ಮುಖ.

"ನಿಮ್ಮಣ್ಣ ಹದಿನಾರನೇ ಇಸವೀಲಿ ಎಲ್ಲಿದ್ರು?"

ಗೆರ್ಡಾ ತಡಮಾಡಲಿಲ್ಲ. "ವರ್ದೂನ್‌ನಲ್ಲಿ. ನೀವು ಕೇಳೇ ಕೇಳ್ತೀರಿ ಅಂತ ನಾಲ್ಕು ವರ್ಷದಿಂದ ಕಾಯ್ತಿದ್ದೆ."

"ಗೆರೆ ಎಳಿ ಬ್ಲಾಂಷ್," ಎಂದಳು ಸೊಲಾಂಜ್. "ಮೇಲೊಂದು, ಕೆಳಗೊಂದು. ನಡುವೆ ಅವರ ಅಕ್ಷರ ಹಾಕು."

"ಬೇಡ ಅಂತ ಅವರೇ ಹೇಳ್ತಿದಾರಲ್ಲೇ."

"ಅವರು ಕೊಟ್ಟಿದ್ದು ನಂಗೆ ಬೇಡ."

ಬ್ಲಾಂಷ್ ಅಳತೆಪಟ್ಟಿ ಹುಡುಕಿದಳು. "ಗಡಿ ಬೇಡ ಅಂದ ಮಾತಿಗೇ ಎರಡು ಗಡಿ ಹಾಕಿಸಿದ್ಯಲ್ಲ, ಮಹಾರಾಯ್ತಿ," ಎನ್ನುತ್ತಾ ಮಸಿಯಲ್ಲಿ ಎಳೆದಳು.

ಸೊಲಾಂಜ್ ಪುಟವನ್ನು ಎರಡೂ ಕೈಯಲ್ಲಿ ಹಿಡಿದು ಗೆರೆ ಒಣಗುವವರೆಗೂ ನಿಂತಿದ್ದಳು. ಮೇಲಿನ ವಂದನೆ ಅವಳದು. ಸರೋವರ ಅವಳದು. ಚಪ್ಪಾಳೆ ಎಂದು ಆವರಣದಲ್ಲಿ ಬರೆದದ್ದೂ ಅವಳದೇ.