ತಾತ್ಸಾರಕ್ಕೊಂದು ವಾಕ್ಯ

ಹನ್ನೊಂದು ದಿನದಿಂದ ಉಪೇಂದ್ರ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲ ಒಂದು ಪದದ ಕಾಟ. ಮೈಸೂರಿನಲ್ಲಿ ನಿಘಂಟು ಮಾಡುತ್ತಿದ್ದ ಪಂಡಿತರೊಬ್ಬರು ಕೊಚ್ಚಿ ಬಂದರಿನ ಈ ಗುಮಾಸ್ತನಿಗೂ ಒಂದು ಕಟ್ಟು ಚೀಟಿ ಕಳಿಸಿದ್ದರು. ಪ್ರತಿ ಚೀಟಿಯಲ್ಲೂ ಒಂದು ಪದ; ಅದರ ಅರ್ಥ, ಒಂದು ವಾಕ್ಯ ಇವನು ತುಂಬಿ ಕಳಿಸಬೇಕು. ವಾಕ್ಯ ಕಿವಿಯಾರೆ ಕೇಳಿದ್ದೇ ಆಗಬೇಕು; ಹೇಳಿದವರು ಯಾರು, ಸಂದರ್ಭವೇನು, ಅದನ್ನೂ ಬರೆಯಬೇಕು. ಸ್ವಂತ ಹೊಸೆದದ್ದು ಒಂದು ಆಗಲೇ ವಾಪಸು ಬಂದು ಮಾನ ಹೋಗಿತ್ತು. ಈಗ ಉಳಿದದ್ದು 'ತಾತ್ಸಾರ' ಒಂದೇ. ಅರ್ಥವೇನೋ ಬರೆದಿದ್ದ: ಅಸಡ್ಡೆ, ಎದುರಿಗಿದ್ದವರನ್ನು ಲೆಕ್ಕಕ್ಕಿಡದಿರುವುದು.

ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರು ಆಫೀಸಿನಲ್ಲಿ ಇಂಗ್ಲಿಷು, ಅಲ್ಲಿಗೆ ಹೋಗಿಬರುವ ಬೋಟಿನಲ್ಲಿ ಮಲಯಾಳ. ಮಟ್ಟಾಂಚೇರಿಯ ಬಾಡಿಗೆ ಮನೆಯಲ್ಲಿ ಹೆಂಡತಿ ದಾಕ್ಷಾಯಣಿಯದೊಂದೇ ಕನ್ನಡ. ಸರಿ, ಆ ಪದ ಅವಳ ಬಾಯಿಂದ ತಾನಾಗಿ ಬೀಳಲೆಂದು ಮಹಾರಾಯ ಚೀಟಿ ಹಿಡಿದು ಅವಳ ಬೆನ್ನಿಗೆ ಬಿದ್ದ.

"ರೀ, ತಿರುವನಂತಪುರದಿಂದ ನನ್ ತಂಗಿ ನಿರ್ಮಲನ ಕಾಗದ ಬಂದಿದೆ. ಅವಳಿಗೆ ಸೋಮವಾರ ಆಪರೇಷನ್ನಂತೆ. ಭಾನುವಾರ ಹೋಗೋಣ್ವಾ?"

"ಹೂಂ, ಇನ್ನೂ ಮಾತಾಡು, ಕೇಳ್ತಿದೀನಿ," ಎಂದ. ಪದ ಬರಲಿಲ್ಲ.

ಮಾರನೆಯ ದಿನ ಅವಳು ಆಸ್ಪತ್ರೆಯ ಹೆಸರು ಹೇಳಿದಳು. ಅದರ ಮಾರನೆಯ ದಿನ ಹೇಳುತ್ತಾ ಅತ್ತಳು. ನಾಲ್ಕು ಸಲ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ಅವನು ಅವಳ ಒಂದೊಂದು ಮಾತನ್ನೂ ನೋಡಿ ನೋಡಿ ಬಿಟ್ಟ.

ಭಾನುವಾರ ಬೆಳಿಗ್ಗೆ ಅವಳು ಟ್ರಂಕು ಹಿಡಿದು, ಆಚೆ ದಡದ ರೈಲಿಗೆಂದು ಬೋಟಿನ ಜೆಟ್ಟಿಗೆ ಹೊರಟಳು. ಉಪೇಂದ್ರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹಿಂದೆಯೇ ಓಡಿದ.

"ನೀವು ಬರೋದೇನೂ ಬೇಡ," ಎಂದಳು ದಾಕ್ಷಾಯಣಿ. "ನನ್ ಮಾತು ಅಂದ್ರೆ ನಿಮಗೆ ಮೊದಲಿಂದ್ಲೂ ತಾತ್ಸಾರ."

"ಬಂತು! ಬಂತು ನೋಡು!" ಅವನು ಕುಣಿದೇಬಿಟ್ಟ. ಜೇಬಿನಿಂದ ಚೀಟಿ ತೆಗೆದ. ಅವಳು ಒಂದು ಗಳಿಗೆ ಅವನ ಮುಖ ನೋಡಿ ಬೋಟು ಹತ್ತಿದಳು.

ಜೆಟ್ಟಿಯ ಕಟ್ಟೆಯ ಮೇಲೆ ಚೀಟಿ ಇಟ್ಟುಕೊಂಡು ಬರೆದ. ಹೇಳಿದವರು: ದಾಕ್ಷಾಯಣಿ, ಹೆಂಡತಿ. ಸಂದರ್ಭ: ತಂಗಿಯ ಆಪರೇಷನ್ನಿಗೆ ಹೊರಟಾಗ.

ಪೆನ್ನು ನಿಂತಿತು. ಯಾವ ಆಪರೇಷನ್? ಯಾವ ಆಸ್ಪತ್ರೆ? ವಿಳಾಸವಿದ್ದ ಕಾಗದ ಅವಳ ಟ್ರಂಕಿನಲ್ಲಿತ್ತು. ಬೋಟು ಹಿನ್ನೀರಿನ ನಡುವಿಗೆ ಹೋಗಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಹನ್ನೊಂದು ದಿನ ಅರಳಿಸಿಕೊಂಡಿದ್ದ ಅದೇ ಕಿವಿ.

ಮುಂದಿನ ಬೋಟು ಬಂತು. ಅರ್ಧ ಬರೆದ ಚೀಟಿಯನ್ನು ಮಡಚಿ ಜೇಬಿಗೆ ತುರುಕಿ ಹತ್ತಿದ. ತಿರುವನಂತಪುರದಲ್ಲಿ ಒಟ್ಟು ಎಷ್ಟು ಆಸ್ಪತ್ರೆಗಳಿವೆ ಎಂದು ಪಕ್ಕದವನನ್ನು ತನ್ನ ಹರಕು ಮಲಯಾಳದಲ್ಲಿ ಕೇಳಿದ.